ಅಕ್ಕನ ಹೈಡ್ರೋಜನ್ ಬಾಟಲಿ ಮತ್ತು ಅರ್ಧಚಂದ್ರದ ಓ-ರಿಂಗ್

"ಮೊದಮೊದಲು ಚೆನ್ನಾಗಿ ಗುಳ್ಳೆ ಬರ್ತಿತ್ತು ಕಣೋ. ಬರಬರ್ತಾ ಕಮ್ಮಿಯಾಯ್ತು. ಈಗ ಚಾರ್ಜೂ ಆಗ್ತಿಲ್ಲ. ಎಸೆಯೋ ಮುಂಚೆ ಒಂದ್ಸಲ ನೋಡ್ಬಿಡು" ಅಂತ ಅಕ್ಕ ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಹೈಡ್ರೋಜನ್ ವಾಟರ್ ಬಾಟಲಿ, ಅಂದರೆ ಕುಡಿಯುವ ನೀರಿಗೆ ಕರೆಂಟಿನಿಂದ ಜಲಜನಕ (ಹೈಡ್ರೋಜನ್) ಬೆರೆಸುವ ಬಾಟಲಿ. ಕೊಂಡು ನಾಲ್ಕು ತಿಂಗಳಾಗಿತ್ತಷ್ಟೇ. ಈ ಬಾಟಲಿಗಳ ಮೇಲೆ ನನಗೆ ಅಂಥ ಭಕ್ತಿಯೇನಿಲ್ಲ. ಆದರೆ ಕೆಟ್ಟುಹೋದ ವಸ್ತು ಕಣ್ಣೆದುರು ಕೂತಿದ್ದರೆ ಬೇರೆ ಯಾವ ಕೆಲಸಕ್ಕೂ ಮನಸ್ಸು ಓಡುವುದಿಲ್ಲ ಎಂಬ ರೋಗ ನನಗಿದೆ.

ಒಂದು ಸಂಜೆಯಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಎರಡು ತಿಂಗಳು ಹಿಡಿಯಿತು. ಅದರಲ್ಲಿ ಅರ್ಧ ಕೆಲಸ ಬಾಟಲಿಯದ್ದೇ ಅಲ್ಲ. ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಬಾಟಲಿ ಹೀಗಿದೆ: 300 ಮಿಲಿ ಹಿಡಿಯುವ ಗಾಜಿನ ಕೊಳವೆ, ಕೆಳಗೆ ಗುಂಡಿ ಇರುವ ತಳ, ಮೇಲೆ ತಿರುಪಿನ ಮುಚ್ಚಳ. ಮುಚ್ಚಳದಲ್ಲಿ ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ಒಂದು ಪುಟ್ಟ ವಾಲ್ವ್. ಗುಂಡಿ ಒಂದು ಸಲ ಒತ್ತಿದರೆ 3 ನಿಮಿಷ, ಎರಡು ಸಲ ಒತ್ತಿದರೆ 10 ನಿಮಿಷ ಓಡುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 3000 ಪಿಪಿಬಿ (ನೂರು ಕೋಟಿ ಪಾಲು ನೀರಿನಲ್ಲಿ ಎಷ್ಟು ಪಾಲು ಜಲಜನಕ ಎಂಬ ಲೆಕ್ಕ) ಎಂದು ಬರೆದಿದೆ. ಆ ಸಂಖ್ಯೆಯ ಸಮಾಚಾರ ಆಮೇಲೆ.

ಒಳಗೆ ನಡೆಯುವುದು ಶಾಲೆಯ ಪ್ರಯೋಗವೇ. ನೀರಿಗೆ ಕರೆಂಟು ಹಾಯಿಸಿದರೆ ಮೈನಸ್ ಕಡೆ ಜಲಜನಕ, ಪ್ಲಸ್ ಕಡೆ ಆಮ್ಲಜನಕ. 1800ರಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ಮಾಡಿ ತೋರಿಸಿದ್ದು ಇದನ್ನೇ. ಈಗಿನ ಬಾಟಲಿಗಳಲ್ಲಿ ಒಂದೇ ವ್ಯತ್ಯಾಸ, ಎರಡು ಜಾಲರಿಗಳ ನಡುವೆ ಒಂದು ಪೊರೆ ಇರುತ್ತದೆ. ಆ ಪೊರೆ ಪ್ಲಸ್ ಕಡೆಯಿಂದ ಮೈನಸ್ ಕಡೆಗೆ ಪ್ರೋಟಾನುಗಳನ್ನು ದಾಟಿಸುತ್ತದೆ, ಅನಿಲಗಳನ್ನು ಬೆರೆಯಲು ಬಿಡುವುದಿಲ್ಲ. ಜಲಜನಕ ಮೇಲೆ ಕುಡಿಯುವ ನೀರಿಗೆ ಹೋಗುತ್ತದೆ. ಆಮ್ಲಜನಕ ಕೆಳಗಿನ ಸಣ್ಣ ತೂತಿನಿಂದ ಹೊರಗೆ ಹೋಗುತ್ತದೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿದೆ. ಇಂಥ ಬಾಟಲಿ ಇರುವವರು ಯಾರು ಬೇಕಾದರೂ ಮಾಡಬಹುದು. ಹಳೆಯ ಎ-ಟು-ಸಿ ಕೇಬಲ್ಲು (ಒಂದು ತುದಿ ಹಳೆಯ ಅಗಲ ಯುಎಸ್‌ಬಿ, ಇನ್ನೊಂದು ತುದಿ ಯುಎಸ್‌ಬಿ-ಸಿ) ಸಿಕ್ಕಿಸಿ ನೋಡಿದರೆ ಚಾರ್ಜ್ ದೀಪ ಹೊತ್ತಿತು (ಅಕ್ಕನ ಕೇಬಲ್ಲಿಗೆ ಮಾತ್ರ ಹೊತ್ತುತ್ತಿರಲಿಲ್ಲ, ಅದು ಮುಂದೆ ಬರುತ್ತದೆ). ಚಾರ್ಜ್ ಆದಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿ ಗುಂಡಿ ಒತ್ತಿದೆ. ಶುದ್ಧ ನೀರಿನಲ್ಲಿ ಕರೆಂಟು ಹರಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಪೊರೆ ಇಲ್ಲದ, ಬರೀ ಎರಡು ತಗಡು ಇಟ್ಟ ಬಾಟಲಿಯಾದರೆ ಅದರಲ್ಲಿ ಗುಳ್ಳೆ ಏಳುವುದಿಲ್ಲ. ಪೊರೆ ಇದ್ದರೆ ಪ್ರೋಟಾನಿಗೆ ಪೊರೆಯೇ ದಾರಿ, ಏಳುತ್ತದೆ. ನನ್ನ ಮುಂದಿದ್ದದ್ದರಲ್ಲಿ ಎದ್ದವು. ಬಡಕಲಾಗಿ, ಜಾಲರಿಯ ಒಂದು ಮೂಲೆಯಿಂದ ಮಾತ್ರ. ಅಂದರೆ ಪೊರೆ ಇದೆ, ಜೀವವೂ ಇದೆ. ಸಮಾಧಾನವಾಯಿತು. ಪೊರೆ ಇಲ್ಲದ್ದಾಗಿದ್ದರೆ ರಿಪೇರಿ ಮಾಡದೆ ಹಿಂದಕ್ಕೆ ಕೊಡುತ್ತಿದ್ದೆ. ಅಂಥವುಗಳಲ್ಲಿ ನೀರಿನ ಕ್ಲೋರೈಡು ಪ್ಲಸ್ ತಗಡಿನ ಮೇಲೆ ಕ್ಲೋರಿನ್ ಆಗುತ್ತದೆ, ಅದೂ ಕುಡಿಯುವ ನೀರಿನಲ್ಲೇ.

ಮೊದಲು ಚಾರ್ಜಿನ ಸಮಸ್ಯೆ. ತಳದ ರಬ್ಬರು ಬಿಲ್ಲೆ ಎಬ್ಬಿಸಿದರೆ ಕೆಳಗೆ ನಾಲ್ಕು ಸ್ಕ್ರೂ. ಒಳಗೆ ಒಂದು ಲಿಥಿಯಂ ಸೆಲ್, ಬೆರಳಗಲದ ಒಂದು ಬೋರ್ಡು, ಕೆಂಪು ಕಪ್ಪು ತಂತಿಗಳು. ಸೆಲ್ಲಿಗೂ ತೊಂದರೆಯಿಲ್ಲ, ಚಾರ್ಜಿಂಗ್ ಚಿಪ್ಪಿಗೂ ಇಲ್ಲ. ಭೂತಗನ್ನಡಿ ಇಟ್ಟು ಯುಎಸ್‌ಬಿ-ಸಿ ಸಾಕೆಟ್ಟಿನ ಹಿಂದೆ ನೋಡಿದಾಗ ಗೊತ್ತಾಯಿತು, ಎರಡು ಸಿಸಿ ಪಿನ್ನುಗಳಿಂದ ಯಾವ ಗೆರೆಯೂ ಹೊರಟಿಲ್ಲ. ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ, ಆ ಕಡೆ ಯಾರೋ ಇದ್ದಾರೆ ಎಂದು ಗೊತ್ತಾಗುವ ತನಕ ಚಾರ್ಜರು 5 ವೋಲ್ಟ್ ಬಿಡುವುದಿಲ್ಲ. "ನಾನಿದ್ದೇನೆ" ಎಂದು ಹೇಳುವುದು ಸಿಸಿ ಪಿನ್ನಿನಿಂದ ಗ್ರೌಂಡಿಗೆ ಹಾಕಿದ 5.1 ಕಿಲೋ ಓಮಿನ ರೆಸಿಸ್ಟರ್. ಅದನ್ನು ಹಾಕಿಲ್ಲದಿದ್ದರೆ ಎ-ಟು-ಸಿ ಕೇಬಲ್ಲಿನಲ್ಲಿ ಚಾರ್ಜ್ ಆಗುತ್ತದೆ, ಸಿ-ಟು-ಸಿಯಲ್ಲಿ ಆಗುವುದಿಲ್ಲ. ಬಾಟಲಿಯ ಜೊತೆ ಬಂದ ಗಿಡ್ಡ ಕೇಬಲ್ಲು ಕಳೆದುಹೋಗಿ ಅಕ್ಕ ಹೊಸ ಫೋನಿನ ಚಾರ್ಜರು ಬಳಸಲು ಶುರುಮಾಡಿದ್ದಳು. ಅಷ್ಟೇ ಕಾರಣ.

ಎರಡು ಪಿನ್ನಿಗೂ ಬೇರೆಬೇರೆ ರೆಸಿಸ್ಟರ್ ಹಾಕಬೇಕು. ಎರಡನ್ನೂ ಸೇರಿಸಿ ಒಂದರಲ್ಲಿ ಮುಗಿಸೋಣ ಅನ್ನುವ ಆಸೆ ಬರುತ್ತದೆ, ಬೇಡ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೊದಲ ಬೋರ್ಡುಗಳಲ್ಲಿ ಹಾಗೇ ಮಾಡಿದ್ದರು. ಒಳಗೆ ಚಿಪ್ ಇರುವ ಕೇಬಲ್ಲು ಹಾಕಿದರೆ ಅವು ಕರೆಂಟು ತೆಗೆದುಕೊಳ್ಳುತ್ತಿರಲಿಲ್ಲ. ಸಾಸಿವೆಗಿಂತ ಚೂರು ದೊಡ್ಡದಿರುವ ರೆಸಿಸ್ಟರುಗಳನ್ನು ಚಿಮಟದಲ್ಲಿ ಹಿಡಿದು, ಒಂದು ಕಡೆ ಪಿನ್ನಿಗೆ, ಇನ್ನೊಂದು ಕಡೆ ಸಾಕೆಟ್ಟಿನ ಲೋಹದ ಮೈಗೆ ಬೆಸುಗೆ ಹಾಕಿದೆ. ಮೊದಲನೆಯದು ನನ್ನ ಉಸಿರಿಗೇ ಹಾರಿಹೋಯಿತು, ಇನ್ನೂ ಸಿಕ್ಕಿಲ್ಲ. ಆಮೇಲಿನ ಎರಡೂ ಕೂತವು. ಅಕ್ಕನ ಚಾರ್ಜರು ಸಿಕ್ಕಿಸಿದಾಗ ದೀಪ ಬಂತು.

ಇನ್ನು ಗುಳ್ಳೆ. ಕೆಂಪು ತಂತಿ ಬಿಡಿಸಿ ಮಲ್ಟಿಮೀಟರನ್ನು ನಡುವೆ ಸೇರಿಸಿದೆ. ಕೆಂಪು ಪ್ರೋಬನ್ನು 10 ಆಂಪಿಯರಿನ ಕುಳಿಗೆ ಹಾಕಬೇಕು, ಮಿಲಿ ಆಂಪಿಯರಿನದಕ್ಕೆ ಹಾಕಿದರೆ ಫ್ಯೂಸು ಹೋಗುತ್ತದೆ. ಬೋರ್ಡು ಜಾಲರಿಗಳಿಗೆ ಸುಮಾರು 3 ವೋಲ್ಟ್ ಕೊಡುತ್ತಿತ್ತು. ಹರಿಯುತ್ತಿದ್ದದ್ದು 0.34 ಆಂಪಿಯರ್. ನೀರು ಒಡೆಯಲು ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ಅದಕ್ಕಿಂತ ಮೇಲೆ ಕೊಟ್ಟದ್ದೆಲ್ಲ ಅಡಚಣೆಗಳನ್ನು ದಾಟಲು ಖರ್ಚಾಗುತ್ತದೆ. 3 ವೋಲ್ಟ್ ಕೊಟ್ಟೂ ಇಷ್ಟೇ ಹರಿಯುತ್ತಿದ್ದರೆ ದಾರಿಯಲ್ಲಿ ಏನೋ ಕೂತಿದೆ.

ಏನು ಕೂತಿದೆ ಎಂಬುದು ಟಾರ್ಚು ಬಿಟ್ಟು ನೋಡಿದರೇ ಕಾಣುತ್ತಿತ್ತು. ಮೇಲಿನ ಜಾಲರಿಯ ಕಣ್ಣುಗಳ ಅಂಚಿಗೆಲ್ಲ ಬಿಳಿ ಕರೆ. ಹಂಡೆಯ ಒಳಮೈಗೆ ಕಟ್ಟುವ ಸುಣ್ಣದಂಥದ್ದೇ. ಗಡಸು ನೀರಿನ ಕ್ಯಾಲ್ಸಿಯಂ ಮೆಗ್ನೀಸಿಯಂಗಳು ಮೈನಸ್ ಕಡೆಗೆ ಎಳೆಯಲ್ಪಡುತ್ತವೆ. ಅಲ್ಲಿ ನೀರು ಒಡೆದು ಉಳಿದ ಜಾಗ ಕ್ಷಾರವಾಗಿರುತ್ತದೆ, ಆ ಕ್ಷಾರದಲ್ಲಿ ಅವು ಸುಣ್ಣವಾಗಿ ಕಟ್ಟಿಕೊಳ್ಳುತ್ತವೆ. ಇನ್ನೊಂದು ಹೊಡೆತ ಕಣ್ಣಿಗೆ ಕಾಣುವುದಿಲ್ಲ. ಪೊರೆಯೊಳಗೆ ಪ್ರೋಟಾನು ಕೂರುವ ಜಾಗದಲ್ಲಿ ಕ್ಯಾಲ್ಸಿಯಂ ಹೋಗಿ ಕೂರುತ್ತದೆ, ಎದ್ದು ಹೋಗುವುದಿಲ್ಲ. ಹಿಂದಿನಿಂದ ಬರುವ ಪ್ರೋಟಾನುಗಳಿಗೆ ದಾರಿ ಕಟ್ಟಾಗುತ್ತದೆ.

ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, 250 ಮಿಲಿ ಉಗುರುಬೆಚ್ಚಗಿನ ನೀರಿಗೆ 5 ಗ್ರಾಂ. ನೂರಕ್ಕೆ ಎರಡರ ದ್ರಾವಣ. ಬಾಟಲಿಗೆ ಸುರಿದ ತಕ್ಷಣ, ಕರೆಂಟು ಕೊಡದೆಯೇ, ಜಾಲರಿಯ ಮೇಲೆ ಸೂಜಿಮೊನೆಯಂಥ ಗುಳ್ಳೆಗಳು ಎದ್ದವು. ಅದು ಜಲಜನಕವಲ್ಲ, ಸುಣ್ಣ ಕರಗುವಾಗ ಬರುವ ಇಂಗಾಲದ ಡೈ ಆಕ್ಸೈಡ್. ಹತ್ತು ನಿಮಿಷದಲ್ಲಿ ಬಿಳಿ ಬಣ್ಣ ತೆಳುವಾಯಿತು, ಮುಕ್ಕಾಲು ಗಂಟೆಗೆ ಜಾಲರಿಯ ಬೂದು ಬಣ್ಣ ಕಂಡಿತು. ಚೆಲ್ಲಿ, ಮೂರು ಸಲ ತೊಳೆದು ನೋಡಿದರೆ 0.71 ಆಂಪಿಯರ್.

ಇಲ್ಲಿಗೆ ನಿಲ್ಲಿಸಿ ಇನ್ನೊಂದು ಸುತ್ತು ನೆನೆಹಾಕಿದ್ದರೆ ಸಾಕಿತ್ತು. ನಾನು ನಿಲ್ಲಿಸಲಿಲ್ಲ. ಒಳಗೆ ಹೇಗಿದೆ ಎಂದು ನೋಡುವ ಚಪಲ. ಕೆಳಗಿನಿಂದ ಆರು ಸ್ಕ್ರೂ ಬಿಚ್ಚಿ, ಜಾಲರಿಯೂ ಪೊರೆಯೂ ಇರುವ ಸೆಲ್ಲನ್ನೇ (ಲಿಥಿಯಂ ಸೆಲ್ಲಲ್ಲ) ತೆರೆದೆ.

ಎರಡು ಟೈಟಾನಿಯಂ ಜಾಲರಿ, ಮೇಲೆ ಪ್ಲಾಟಿನಂ ಲೇಪ. ಲೇಪ ಎಷ್ಟು ತೆಳುವೆಂದರೆ ಬ್ಲೇಡಿನಲ್ಲಿ ಕೆರೆದರೆ ಹೋಯಿತು, ಟೂತ್‌ಬ್ರಷ್ಷು ಕೂಡ ಬೇಡ. ನಡುವೆ ಪೊರೆ. ಮಸುಕಾದ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ, ಒದ್ದೆಯಿದ್ದಾಗ ಮೆತ್ತಗೆ, ಎರಡೂ ಮೈಗೆ ಜಾಲರಿಯ ಅಚ್ಚು ಬಿದ್ದಿತ್ತು. ಒಂದು ಅಂಚಿನಲ್ಲಿ ಕಂದು ಛಾಯೆ. ಅದು ಕಬ್ಬಿಣ. ಸುಣ್ಣಕ್ಕಿಂತ ಅದು ಕೆಟ್ಟದ್ದು, ಬರೀ ದಾರಿ ಕಟ್ಟುವುದಲ್ಲದೆ ಪೊರೆಯನ್ನೇ ನಿಧಾನವಾಗಿ ತಿನ್ನುವ ರಾಸಾಯನಿಕ ಕ್ರಿಯೆಗೆ ನೆರವಾಗುತ್ತದೆ. ಈ ಜಾತಿಯ ಪೊರೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ನ್ಯಾಫಿಯಾನ್, 1960ರ ದಶಕದಲ್ಲಿ ಡ್ಯುಪಾಂಟ್‌ನಲ್ಲಿ ಹುಟ್ಟಿದ್ದು. ನ್ಯಾಫಿಯಾನ್ 117 ಎನ್ನುವುದರಲ್ಲಿ ಕೊನೆಯ 7 ದಪ್ಪವನ್ನು ಹೇಳುತ್ತದೆ, ಇಂಚಿನ ಸಾವಿರದಲ್ಲಿ ಏಳು ಪಾಲು, ಸುಮಾರು 0.18 ಮಿ.ಮೀ. ಅಕ್ಕನ ಬಾಟಲಿಯಲ್ಲಿದ್ದದ್ದು ಯಾವುದೆಂದು ಎಲ್ಲೂ ಬರೆದಿರಲಿಲ್ಲ, ದಪ್ಪ ಮಾತ್ರ ಅದೇ ಆಸುಪಾಸು.

ಪೊರೆಯನ್ನು ಮೇಜಿನ ಮೇಲೆ ಬಟ್ಟೆಯಲ್ಲಿಟ್ಟಿದ್ದೆ. ಅಷ್ಟರಲ್ಲಿ ಫೋನು ಬಂತು. ಇಪ್ಪತ್ತು ನಿಮಿಷ ಮಾತಾಡಿ ಬಂದು ನೋಡಿದರೆ ಒಣಗಿ, ಅಂಚು ಮುರುಟಿ, ಮೊದಲಿನ ಅಳತೆಗಿಂತ ಚಿಕ್ಕದಾಗಿ ಕೂತಿತ್ತು. ಈ ಪೊರೆ ನೀರು ಕುಡಿದರೆ ಉದ್ದಗಲದಲ್ಲಿ ನೂರಕ್ಕೆ ಹತ್ತರಷ್ಟು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ ಎಂದು ಓದಿದ್ದೆ. ಓದಿದ್ದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಗಡಿಬಿಡಿಯಲ್ಲಿ ಹಾಗೇ ಜೋಡಿಸಿದೆ, ಸ್ಕ್ರೂಗಳನ್ನು ಒಂದರ ಪಕ್ಕ ಒಂದರಂತೆ ಸುತ್ತಾಗಿ ಬಿಗಿದೆ. ನೀರು ತುಂಬಿದ ಐದು ನಿಮಿಷಕ್ಕೆ ಪೊರೆ ಹಿಗ್ಗಿ ನಡುವೆ ಮಡಿಕೆ ಬಿದ್ದು, ಒಂದು ಪಕ್ಕದಿಂದ ನೀರು ತೊಟ್ಟಿಕ್ಕತೊಡಗಿತು. ಬೋರ್ಡು ಪಕ್ಕದಲ್ಲಿ ಬಿಚ್ಚಿಟ್ಟಿದ್ದೆ, ಪುಣ್ಯ.

ಮತ್ತೆ ಬಿಚ್ಚಿದೆ. ಪೊರೆಯನ್ನು ರಾತ್ರಿಯಿಡೀ ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆ ಒದ್ದೆ ಇರುವಾಗಲೇ ಜಾಲರಿಯ ಅಚ್ಚಿಗೆ ಅಚ್ಚು ಹೊಂದಿಸಿ ಕೂರಿಸಿದೆ. ಸ್ಕ್ರೂಗಳನ್ನು ಎದುರುಬದುರು ಜೋಡಿಗಳಲ್ಲಿ, ಒಂದೊಂದಕ್ಕೆ ಅರ್ಧ ಸುತ್ತಿನಂತೆ ಮೂರು ಸಲ ಬಿಗಿದೆ. ಗಾಡಿಯ ಚಕ್ರದ ನಟ್ಟು ಬಿಗಿಯುವ ಕ್ರಮವೇ. ಸಿಟ್ರಿಕ್ ಆಮ್ಲದ ಇನ್ನೊಂದು ಸುತ್ತು ಹಾಕಿ ತೊಳೆದೆ. ಸೋರಲಿಲ್ಲ. ಮೀಟರು 0.97 ತೋರಿಸಿತು. ಜಾಲರಿಯ ಇಡೀ ಮೈಯಿಂದ ಹಾಲಿನಂಥ ಗುಳ್ಳೆಮೋಡ ಎದ್ದಿತು.

ಗುಳ್ಳೆ ಎದ್ದ ಮಾತ್ರಕ್ಕೆ ನೀರಿನಲ್ಲಿ ಜಲಜನಕ ಉಳಿಯಿತು ಎಂದೇನಲ್ಲ. ಇದನ್ನು ಲೆಕ್ಕ ಹಾಕಿಯೇ ನೋಡೋಣ ಅನ್ನಿಸಿತು. ಫ್ಯಾರಡೆ 1830ರ ದಶಕದಲ್ಲಿ ಕೊಟ್ಟ ನಿಯಮ ಇಲ್ಲಿ ಸರಿಯಾಗಿ ಕೂರುತ್ತದೆ: ಎಷ್ಟು ವಿದ್ಯುತ್ತು ಹರಿಯಿತೋ ಅಷ್ಟೇ ಅನಿಲ, ಒಂದು ಕೂದಲೂ ಹೆಚ್ಚಿಲ್ಲ. 0.97 ಆಂಪಿಯರ್ 180 ಸೆಕೆಂಡು ಹರಿದರೆ ಸುಮಾರು 175 ಕೂಲಂಬ್. ಅದಕ್ಕೆ ಬರುವುದು 1.8 ಮಿಲಿಗ್ರಾಂ ಜಲಜನಕ, 25 ಡಿಗ್ರಿಯ ಕೋಣೆಯಲ್ಲಿ 22 ಮಿಲಿಯಷ್ಟು ಅನಿಲ. ಅದೇ ಅಳತೆಯ ಒಂದು ಹಳೆಯ ಮುಚ್ಚಳಕ್ಕೆ ತೂತು ಕೊರೆದು, ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪೈಪು ಸಿಕ್ಕಿಸಿ, ಬಕೆಟ್ಟಿನ ನೀರಿನಲ್ಲಿ ಅಳತೆಯ ಕೊಳವೆ ಮಗುಚಿಟ್ಟೆ. ನೀರು ಜಲಜನಕ ಕುಡಿದು ಲೆಕ್ಕ ತಪ್ಪದಿರಲಿ ಎಂದು ಮೊದಲು ಎರಡು ಸುತ್ತು ಓಡಿಸಿ, ಮೂರನೆಯದನ್ನು ಅಳೆದೆ. ಕಿಟಕಿ ತೆರೆದಿತ್ತು, ಹತ್ತಿರ ಬೆಂಕಿ ಇರಲಿಲ್ಲ. ಜಲಜನಕ ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಹೊತ್ತಿಕೊಳ್ಳಬಲ್ಲದು. ಕೊಳವೆಯಲ್ಲಿ ಸಿಕ್ಕಿದ್ದು 20 ಮಿಲಿ. ಉಳಿದ ಎರಡು ಮಿಲಿ ಜಾಲರಿಗೂ ಗಾಜಿಗೂ ಅಂಟಿಕೊಂಡ ಗುಳ್ಳೆಗಳಲ್ಲಿ. ನನಗಂತೂ ಇಷ್ಟು ಹತ್ತಿರ ಬಂದದ್ದೇ ಹಬ್ಬ.

ಆ 1.8 ಮಿಲಿಗ್ರಾಂ ಪೂರ್ತಿ 300 ಮಿಲಿ ನೀರಿನಲ್ಲಿ ಕರಗಿದ್ದರೆ ಲೀಟರಿಗೆ 6 ಮಿಲಿಗ್ರಾಂ ಆಗಬೇಕು, ಅಂದರೆ 6 ಪಿಪಿಎಂ, 6000 ಪಿಪಿಬಿ. ಕರಗುವುದಿಲ್ಲ. ಮಾಮೂಲಿ ವಾಯುಭಾರದಲ್ಲಿ, 25 ಡಿಗ್ರಿಯಲ್ಲಿ, ಬರೀ ಜಲಜನಕವನ್ನೇ ನೀರಿನ ಮೇಲೆ ತುಂಬಿಟ್ಟರೂ ಲೀಟರಿಗೆ ಸುಮಾರು 1.6 ಮಿಲಿಗ್ರಾಂಗಿಂತ ಹೆಚ್ಚು ಹಿಡಿಸುವುದಿಲ್ಲ. ಎಷ್ಟು ಕರಗಿದೆ ಎಂದು ನೋಡಲು ಮಿಥಿಲೀನ್ ಬ್ಲೂ ಹನಿಗಳು ಬರುತ್ತವೆ, ಪ್ಲಾಟಿನಂನ ಅತಿಸೂಕ್ಷ್ಮ ಕಣ ಬೆರೆಸಿದ ನೀಲಿ. 6 ಮಿಲಿ ನೀರಿಗೆ ಒಂದೊಂದೇ ಹನಿ ಹಾಕುತ್ತಾ ಹೋಗುವುದು. ಜಲಜನಕ ಇರುವತನಕ ನೀಲಿ ಮಾಯವಾಗುತ್ತದೆ, ಮುಗಿದ ಮೇಲೆ ಉಳಿದುಕೊಳ್ಳುತ್ತದೆ. ಒಂದು ಹನಿಗೆ 0.1 ಪಿಪಿಎಂ. ಮೊದಲ ಹನಿ ಬಿದ್ದಾಗ ನೀಲಿಯ ಎಳೆ ನೀರಿನೊಳಗೆ ಇಳಿಯುತ್ತಾ ಇಳಿಯುತ್ತಾ ಅರ್ಧದಲ್ಲೇ ಕಾಣೆಯಾಗುವುದನ್ನು ನೋಡಲು ಅಕ್ಕನನ್ನೂ ಕರೆದೆ.

ಮುಚ್ಚಳ ತೆಗೆದು 3 ನಿಮಿಷ ಓಡಿಸಿದರೆ 8 ಹನಿ. ಅಂದರೆ ಹುಟ್ಟಿದ ಜಲಜನಕದಲ್ಲಿ ನೂರಕ್ಕೆ 13 ಪಾಲು ಮಾತ್ರ ನೀರಿನಲ್ಲಿ, ಉಳಿದದ್ದು ಗಾಳಿಪಾಲು. ಮುಚ್ಚಳ ಬಿಗಿದು ಓಡಿಸಿ, ಅರ್ಧ ನಿಮಿಷ ಕುಲುಕಿದರೆ 12 ಹನಿ. ಮುಚ್ಚಳ ಬಿಗಿದು 10 ನಿಮಿಷ ಓಡಿಸಿ ತೆರೆದ ಕೂಡಲೇ ಅಳೆದರೆ 27. ಪೆಟ್ಟಿಗೆಯ ಮೇಲಿನ 3000 ಪೂರ್ತಿ ಸುಳ್ಳಲ್ಲ ಎಂದಾಯಿತು. ಒತ್ತಡ ಹೆಚ್ಚಿದಷ್ಟೂ ಅನಿಲ ಹೆಚ್ಚು ಕರಗುತ್ತದೆ, 1803ರಲ್ಲಿ ವಿಲಿಯಂ ಹೆನ್ರಿ ಹೇಳಿದ್ದು. 10 ನಿಮಿಷಕ್ಕೆ 74 ಮಿಲಿ ಅನಿಲ ಹುಟ್ಟುತ್ತದೆ, ಮುಚ್ಚಳದ ಕೆಳಗೆ ಖಾಲಿ ಇರುವುದು 20 ಮಿಲಿ ಜಾಗ. ಒಂದಿಷ್ಟು ಕರಗಿದರೂ ಜಲಜನಕದ ಒತ್ತಡವೇ ವಾಯುಭಾರದ ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಮುಚ್ಚಳದ ವಾಲ್ವ್ "ಸುಯ್" ಅನ್ನುತ್ತದೆ ಎಂದು ಅಕ್ಕ ಅದಕ್ಕೆ ಟೇಪು ಸುತ್ತಿದ್ದಳು. ಕಿತ್ತು ಹಾಕಿದೆ. ಅದು ಮುಚ್ಚಿ, ಗಾಜು ಹಳೆಯದಾಗಿ ಎಲ್ಲೋ ಸಣ್ಣ ಸೀಳಿದ್ದರೆ ಗತಿ ಏನು?

ಅದೇ ನೀರನ್ನು ಲೋಟಕ್ಕೆ ಸುರಿದು ಒಂದು ಗಂಟೆ ಬಿಟ್ಟು ಅಳೆದೆ. 9 ಹನಿ. ಸೋಡಾ ಬಾಟಲಿ ತೆರೆದಿಟ್ಟ ಹಾಗೆಯೇ.

"ಹಾಗಾದ್ರೆ ಕುಡಿದ್ರೆ ಒಳ್ಳೇದೋ ಅಲ್ವೋ?" ಅಂತ ಅಕ್ಕ ಕೇಳಿದಳು. ಅದನ್ನು ಅಳೆಯುವ ಕುಳಿ ನನ್ನ ಮೀಟರಿನಲ್ಲಿಲ್ಲ. 2007ರಲ್ಲಿ ಜಪಾನಿನ ಸಂಶೋಧಕರ ಒಂದು ಪ್ರಬಂಧ ನೇಚರ್ ಮೆಡಿಸಿನ್‌ನಲ್ಲಿ ಬಂದಮೇಲೆ ಈ ಗಾಳಿ ಎದ್ದದ್ದು. ಅಲ್ಲಿದ್ದದ್ದು ಜೀವಕೋಶಗಳು ಮತ್ತು ಇಲಿಗಳು. ಆಮೇಲೆ ಮನುಷ್ಯರ ಮೇಲೂ ಸಣ್ಣ ಸಣ್ಣ ಪ್ರಯೋಗಗಳು ನಡೆದಿವೆ. ಪೆಟ್ಟಿಗೆಯ ಮೇಲೆ ಬರೆದಿರುವ ರೋಗಗಳ ಪಟ್ಟಿಯನ್ನು ಹೊರುವಷ್ಟು ಬಲ ಅವಕ್ಕಿಲ್ಲ. ಒಂದು ಮಾತ್ರ ಅವಳಿಗೆ ಒತ್ತಿ ಹೇಳಿದೆ: "ಅಕ್ಕಾ, ಇದು ಫಿಲ್ಟರ್ ಅಲ್ಲ. ಹಾಕಿದ ನೀರಲ್ಲಿ ಏನಿತ್ತೋ ಅದು ಹಾಗೇ ಇರುತ್ತೆ. ಕ್ರಿಮಿಯೂ ಸಾಯಲ್ಲ, ಫ್ಲೋರೈಡೂ ಹೋಗಲ್ಲ."

"ನಾನು ಫಿಲ್ಟರ್ ನೀರೇ ಹಾಕೋದು" ಅಂದಳು ಗತ್ತಿನಿಂದ.

ಹದಿನಾರು ದಿನ ಕಳೆದಿತ್ತು. ಬಾಟಲಿ ಮತ್ತೆ ಮೇಜಿನ ಮೇಲೆ. 0.52 ಆಂಪಿಯರ್. ಜಾಲರಿಯ ಅಂಚಿಗೆ ಮತ್ತೆ ಬಿಳಿ.

ಫಿಲ್ಟರ್ ನೀರಿನಲ್ಲಿ ಇಷ್ಟು ಬೇಗ ಸುಣ್ಣ ಕಟ್ಟಬಾರದು. ಟಿಡಿಎಸ್ ಮೀಟರು (ನೀರಿನಲ್ಲಿ ಕರಗಿದ ಲವಣವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುವಂಥದ್ದು) ಜೇಬಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ನಲ್ಲಿಯ ನೀರು 610. ಆರ್‌ಓ ಯಂತ್ರದಿಂದ ಬರುವ ನೀರು 168. ಒಳ್ಳೆಯ ಮೆಂಬ್ರೇನು, ಅಂದರೆ ಆರ್‌ಓ ಯಂತ್ರದೊಳಗಿನ ಲವಣ ತಡೆಯುವ ಪೊರೆ, ನೂರಕ್ಕೆ 95ರ ಮೇಲೆ ತಡೆಯಬೇಕು, ಅಂದರೆ 30ರ ಆಸುಪಾಸು ಬರಬೇಕಿತ್ತು. ಅವಳು ದಿನಕ್ಕೆ ನಾಲ್ಕು ಬಾಟಲಿ ತುಂಬಿಸುತ್ತಾಳೆ, 1.2 ಲೀಟರು. 168ರ ಲೆಕ್ಕದಲ್ಲಿ ದಿನಕ್ಕೆ 200 ಮಿಲಿಗ್ರಾಂ ಲವಣ ಆ ಜಾಲರಿಯ ಮುಂದೆ ಹಾದುಹೋಗುತ್ತಿದೆ. ಅಷ್ಟೂ ಅಂಟುವುದಿಲ್ಲ, ಅಂಟಿದಷ್ಟು ಸಾಕು. ಟಿಡಿಎಸ್ ಮೀಟರನ್ನು ನಂಬುವುದಕ್ಕೂ ಮಿತಿಯಿದೆ. ಅದು ಅಳೆಯುವುದು ನೀರು ಎಷ್ಟು ಕರೆಂಟು ಹಾಯಿಸುತ್ತದೆ ಎಂಬುದನ್ನು ಮಾತ್ರ. ಕ್ಯಾಲ್ಸಿಯಮ್ಮೋ ಅಡುಗೆ ಉಪ್ಪೋ ಎಂದು ಹೇಳುವುದಿಲ್ಲ, ಕ್ರಿಮಿ ಇದ್ದರೆ ತಿಳಿಸುವುದಿಲ್ಲ, ಜಲಜನಕವಂತೂ ಅದರ ಕಣ್ಣಿಗೇ ಬೀಳುವುದಿಲ್ಲ.

ಆರ್‌ಓ ಬಗ್ಗೆ ಅಕ್ಕನಿಗೆ ಅಪಾರ ನಂಬಿಕೆ. ಮಾರಲು ಬಂದವನು ಎರಡು ಲೋಟ ಇಟ್ಟು, ಕಡ್ಡಿಗಳಿರುವ ಯಂತ್ರ ಮುಳುಗಿಸಿ, ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿದ್ದನಂತೆ. "ಎಷ್ಟು ಕೊಳೆ ಇತ್ತು ಗೊತ್ತಾ!" ಆ ಕೊಳೆ ಎಲ್ಲಿಂದ ಬಂತು ಎಂದು ಅಲ್ಲೇ ಮಾಡಿ ತೋರಿಸಿದೆ. ಎರಡು ಕಬ್ಬಿಣದ ಮೊಳೆ, ಒಂದು 12 ವೋಲ್ಟಿನ ಅಡಾಪ್ಟರು. ನಲ್ಲಿ ನೀರಿನಲ್ಲಿ ಎರಡು ನಿಮಿಷಕ್ಕೆ ಹಸಿರುಗಂದು ಗಸಿ. ಫಿಲ್ಟರ್ ನೀರಿನಲ್ಲಿ ತೀರಾ ಕಡಿಮೆ. ಆಮೇಲೆ ಅದೇ ಫಿಲ್ಟರ್ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ. ನಲ್ಲಿ ನೀರಿಗಿಂತ ಕಡುವಾಯಿತು. ಕರಗಿ ಬರುತ್ತಿರುವುದು ಮೊಳೆಯ ತುಕ್ಕು. ಉಪ್ಪು ಹೆಚ್ಚಿದ್ದಷ್ಟೂ ಕರೆಂಟು ಹೆಚ್ಚು, ತುಕ್ಕು ಹೆಚ್ಚು. ಅಕ್ಕ ಸ್ವಲ್ಪ ಹೊತ್ತು ಲೋಟ ನೋಡುತ್ತಾ ನಿಂತಳು. ಮಾರಿದವನ ಬಗ್ಗೆ ಅವಳಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

168ಕ್ಕೆ ಕಾರಣ ಹುಡುಕುವಾಗ ಮೊದಲು ಅನುಮಾನ ಬಂದದ್ದು ಟಿಡಿಎಸ್ ಕಂಟ್ರೋಲರ್ ಮೇಲೆ. ಶುದ್ಧವಾದ ನೀರಿಗೆ ಒಂದಿಷ್ಟು ಹಸಿ ನೀರು ಬೆರೆಸಿ ರುಚಿ ಕೊಡುವ ಪುಟ್ಟ ತಿರುಪು ಅದು. ಪೂರ್ತಿ ಮುಚ್ಚಿದೆ, 168 ಇದ್ದದ್ದು 151 ಆಯಿತು. ಅಲ್ಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದ ಯಂತ್ರದ ಮೊದಲ ನೀರು ಯಾವಾಗಲೂ ಕೆಟ್ಟದಿರುತ್ತದೆ, ನಿಂತ ಹೊತ್ತಿನಲ್ಲಿ ಲವಣ ಮೆಂಬ್ರೇನು ದಾಟಿ ಈಚೆ ಬಂದಿರುತ್ತದೆ. ಎರಡು ಲೀಟರು ಹರಿಯಬಿಟ್ಟು ನೋಡಿದೆ, 149. ಕ್ಲೋರಿನ್ ಮೆಂಬ್ರೇನನ್ನು ಸುಟ್ಟಿರಬಹುದೇ? ಆರ್‌ಓ ಮೆಂಬ್ರೇನಿನ ಪಾಲಿಅಮೈಡ್ ಪದರಕ್ಕೆ ಕ್ಲೋರಿನ್ ಶತ್ರು. ಅದಕ್ಕೇ ನೀರು ಅದನ್ನು ತಲುಪುವ ಮೊದಲೇ ಕಾರ್ಬನ್ ಫಿಲ್ಟರ್ ಇಟ್ಟಿರುತ್ತಾರೆ. ಕಾರ್ಬನ್ ದಾಟಿ ಬಂದ ನೀರಿಗೆ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದೆ, ಹಳದಿ ಬರಲಿಲ್ಲ. ಕಾರ್ಬನ್ ಸರಿಯಿದೆ.

ಇನ್ನು ಉಳಿದದ್ದು ಮೆಂಬ್ರೇನಿನ ಹೌಸಿಂಗ್, ಅಂದರೆ ಅದು ಕೂರುವ ಡಬ್ಬಿ. ನೀರು ನಿಲ್ಲಿಸಿ, ಪ್ಲಗ್ಗು ತೆಗೆದು, ಪೈಪು ಬಿಡಿಸಿ, ಪಾನಾ ಹಾಕಿ ಮುಚ್ಚಳ ತಿರುಗಿಸಿದೆ. ಮೆಂಬ್ರೇನಿನ ನಡುಕೊಳವೆಯನ್ನು ಇಕ್ಕಳದಿಂದ ಹಿಡಿದು ಜಗ್ಗಿದರೆ ಸಲೀಸಾಗಿ ಬಂದುಬಿಟ್ಟಿತು. ಅಷ್ಟು ಸಲೀಸಾಗಿ ಬರಬಾರದು. ಆ ಕೊಳವೆಯ ತುದಿಯಲ್ಲಿ ಎರಡು ಸಣ್ಣ ಓ-ರಿಂಗ್ (ರಬ್ಬರಿನ ಬಳೆ) ಇರುತ್ತವೆ, ಹೌಸಿಂಗಿನ ತಳದ ಗುಳಿಗೆ ಬಿಗಿಯಾಗಿ ಕೂತು, ಹೊರಗಿನ ಉಪ್ಪು ನೀರು ಶುದ್ಧ ನೀರಿನ ದಾರಿಗೆ ನುಗ್ಗದಂತೆ ತಡೆಯುತ್ತವೆ. ಇಲ್ಲಿ ಒಂದು ಗಟ್ಟಿಯಾಗಿ, ಚಪ್ಪಟೆಯಾಗಿ ಹೋಗಿತ್ತು. ಇನ್ನೊಂದು ಇರಲೇ ಇಲ್ಲ. ಟಾರ್ಚು ಬಿಟ್ಟು ಗುಳಿಯೊಳಗೆ ನೋಡಿದರೆ ಅರ್ಧಚಂದ್ರದಂತೆ ತುಂಡಾಗಿ ಗೋಡೆಗೆ ಅಂಟಿಕೊಂಡಿತ್ತು. ಕಳೆದ ಸಲ ಮೆಂಬ್ರೇನು ಬದಲಿಸಿದವರು ಒಣಗಿದ್ದನ್ನೇ ಒತ್ತಿ ತುರುಕಿದ್ದಾರೆ, ರಿಂಗು ಮಡಚಿ ಕತ್ತರಿಸಿಹೋಗಿದೆ. ಮೆಂಬ್ರೇನು ತನ್ನ ಕೆಲಸ ಮಾಡುತ್ತಲೇ ಇತ್ತು, ಪಕ್ಕದ ಸಂದಿಯಿಂದ ಹಸಿ ನೀರು ಬೆರೆಯುತ್ತಿತ್ತು.

ಅಳತೆಗೆ ಸರಿಯಾದ ಎರಡು ಹೊಸ ಓ-ರಿಂಗ್ ತಂದೆ. ತಿನ್ನುವ ವಸ್ತುಗಳಿಗೆ ಬಳಸಬಹುದಾದ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದೆ. ವ್ಯಾಸಲೀನ್ ಸವರುವವರಿದ್ದಾರೆ, ಕೆಲವು ಜಾತಿಯ ರಬ್ಬರು ಅದಕ್ಕೆ ಊದಿಕೊಂಡು ಹಾಳಾಗುತ್ತದೆ. ಮೆಂಬ್ರೇನನ್ನು ತಿರುಗಿಸುತ್ತಾ ಒಳಗೆ ನೂಕಿದೆ, ಕೊನೆಯಲ್ಲಿ "ಟಪ್" ಎಂದು ಕೂತದ್ದು ಕೈಗೆ ತಿಳಿಯಿತು. ಮೊದಲ ನಾಲ್ಕು ಲೀಟರು ಚೆಲ್ಲಿ ಅಳೆದೆ: 24.

ಅಕ್ಕನಿಗೆ ಖುಷಿಯಾಗಲಿಲ್ಲ. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. "ಸಪ್ಪೆ ಕಣೋ. ಮೊದಲಿನದೇ ಚೆನ್ನಾಗಿತ್ತು." ನಿಜ, 24ರ ನೀರು ನಾಲಿಗೆಗೆ ಏನೂ ಹೇಳುವುದಿಲ್ಲ. ಕಂಟ್ರೋಲರ್ ತಿರುಗಿಸಿ 90ಕ್ಕೆ ತಂದರೆ ಅವಳಿಗೆ ಒಪ್ಪಿಗೆ, ಬಾಟಲಿಗೆ ಒಪ್ಪಿಗೆಯಿಲ್ಲ. ಹಾಗಾಗಿ ಎರಡು ದಾರಿ ಮಾಡಿದೆ. ಮೆಂಬ್ರೇನಿನಿಂದ ಹೊರಬರುವ ಕಾಲಿಂಚಿನ ಪೈಪನ್ನು, ಚೆಕ್ ವಾಲ್ವಿನ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ನಂತರ ಮತ್ತು ಹಸಿ ನೀರು ಬೆರೆಯುವ ಜಾಗಕ್ಕಿಂತ ಮೊದಲು ಕತ್ತರಿಸಿ, ಮೂರು ಬಾಯಿಯ ಒಂದು ಟೀ ಜೋಡಣೆ ಕೂರಿಸಿದೆ. ಟೀಯ ಮೂರನೆಯ ಬಾಯಿಗೆ ಪುಟ್ಟ ಬಾಲ್ ವಾಲ್ವ್, ಅದರಿಂದ ಗೇಣುದ್ದದ ಪೈಪು. ಪೈಪನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದರೆ ಟೀಯೊಳಗಿನ ರಿಂಗು ಸರಿಯಾಗಿ ಹಿಡಿಯುವುದಿಲ್ಲ. ಹೊಸ ಬ್ಲೇಡಿನಲ್ಲಿ ನೇರ ಕತ್ತರಿಸಿ, ಕೊನೆತನಕ ಒತ್ತಿ, ಹಿಂದಕ್ಕೆ ಎಳೆದು ನೋಡಬೇಕು. ನಾನು ಮೊದಲನೆಯದನ್ನು ಅವಸರದಲ್ಲಿ ಅರ್ಧ ಒತ್ತಿ, ಅಡುಗೆಮನೆಯ ಗೋಡೆಗೆ ಸ್ನಾನ ಮಾಡಿಸಿದೆ.

ಯಂತ್ರದ ಮೇಲೆ 75 ಜಿಪಿಡಿ ಎಂದಿದೆ, ದಿನಕ್ಕೆ 75 ಗ್ಯಾಲನ್, ಅಂದರೆ ನಿಮಿಷಕ್ಕೆ 200 ಮಿಲಿ. ವಾಲ್ವ್ ತೆರೆದು ಹೂಜಿ ಇಟ್ಟರೆ ವಾಸ್ತವದಲ್ಲಿ ಒಂದು ಲೀಟರಿಗೆ ಏಳು ನಿಮಿಷ ಹಿಡಿಯಿತು. ಹೂಜಿಯ ನೀರು ಬಾಟಲಿಗೆ, ಆರ್‌ಓ ಯಂತ್ರದ ಮಾಮೂಲಿ ನಲ್ಲಿಯ ನೀರು ಕುಡಿಯಲಿಕ್ಕೆ.

ಆಮೇಲೆ ಬಾಟಲಿಗೆ ಎರಡನೆಯ ಸಲ ಸಿಟ್ರಿಕ್ ಆಮ್ಲ ಹಾಕಿದೆ. ಈ ಸಲ ಸೆಲ್ ಬಿಚ್ಚುವ ಚಪಲ ಬರಲಿಲ್ಲ. ಮುಕ್ಕಾಲು ಗಂಟೆಯ ಎರಡು ಸುತ್ತು, ನಡುವೆ ತೊಳೆತ. 0.96. ಬಳಸದೆ ಇಡುವ ದಿನ ಜಾಲರಿ ಮುಳುಗುವಷ್ಟು ನೀರು ಬಿಟ್ಟೇ ಇಡು, ಒಣಗಿಸಬೇಡ, ಮತ್ತೆ ಬಳಸುವಾಗ ಆ ನೀರು ಚೆಲ್ಲಿ ತೊಳೆದುಕೋ ಎಂದು ಅಕ್ಕನಿಗೆ ಹೇಳಿದ್ದೇನೆ.

ನಲವತ್ತು ದಿನವಾದ ಮೇಲೆ ನಿನ್ನೆ ತರಿಸಿ ಅಳೆದೆ. 0.93. ಜಾಲರಿ ಬೂದು ಬಣ್ಣದಲ್ಲೇ ಇದೆ. ತಳದ ರಬ್ಬರಿನ ಒಳಮೈಗೆ ಒಂದು ಕಾಗದದ ಪಟ್ಟಿ ಅಂಟಿಸಿ, ತಾರೀಖಿನ ಜೊತೆ ಮೂರೂ ಅಳತೆ ಬರೆದಿದ್ದೇನೆ: 0.97, 0.96, 0.93. ಅದರ ಕೆಳಗೆ ನನಗೇ ಒಂದು ಸೂಚನೆ: 0.7ಕ್ಕಿಂತ ಇಳಿದರೆ ಮೊದಲು ಹೂಜಿಯ ನೀರಿಗೆ ಟಿಡಿಎಸ್ ಮೀಟರು ಹಾಕು, ಸ್ಕ್ರೂಡ್ರೈವರು ಆಮೇಲೆ.